ಅರಸನಿಗೆ ನಾನು ಕಲಿಸದೆ ಬಿಟ್ಟ ಅಂಕ

ಹೊನ್ನಕೇರಿ
ಬೇಸಿಗೆಯ ನೂರ ಮೂವತ್ತೇಳನೇ ದಿನ, ಮರುಪಟ್ಟದ ನಾಲ್ಕನೇ ವರ್ಷ
(ನಿಮ್ಮ ಲೆಕ್ಕದಲ್ಲಿ ಕ್ರಿಸ್ತಶಕ ಎರಡು ಸಾವಿರದ ಇನ್ನೂರ ಎಪ್ಪತ್ತೊಂದು)

ಮುಂದಿನ ಸಾಲಿನಲ್ಲಿ ಸೋಫಾದ ಮೇಲೆ ಕುಳಿತ ಗಣ್ಯರೇ! ನಡುವೆ ಕುರ್ಚಿಗಳಲ್ಲಿ ಕುಳಿತ ಮಹನೀಯರೇ! ಹಿಂದೆ ನೆಲದ ಮೇಲೆ ಚಾಪೆ ಹಾಸಿಕೊಂಡು ಕುಳಿತ ನನ್ನ ನಿಜವಾದ ಅನ್ನದಾತರೇ! ಬಲಗಡೆಯ ಅವ್ವಂದಿರೇ, ಅಕ್ಕಂದಿರೇ! ಟಿಕೆಟ್ಟಿಲ್ಲದೆ ತಗಡಿನ ಸಂದಿಯಿಂದ ಇಣುಕುತ್ತಿರುವ ಜಾಣರೇ! ಇನ್ನೂರೈವತ್ತು ವರ್ಷಗಳ ಆಚೆಯ ದಂಡೆಯಲ್ಲಿ ನೆರೆದಿರುವ ನನ್ನ ಹಿರಿಯರೇ, ಸ್ವಲ್ಪ ಸದ್ದು ಮಾಡದೆ ಕುಳಿತುಕೊಳ್ಳಿ. ಐವತ್ತೆರಡು ವರ್ಷ ರಂಗದ ಮೇಲೆ ರಾಜನಾಗಿ ಮೆರೆದ ಗುರುಸಿದ್ದಪ್ಪ ಕಂಚಗಾರ ಮಾಸ್ತರನೆಂಬ ನಟ ನಿಮ್ಮೆದುರು ಒಂದು ತಪ್ಪೊಪ್ಪಿಕೊಳ್ಳಲು ನಿಂತಿದ್ದಾನೆ.

ಮೇಲಿನ ದಿನಾಂಕ ನೋಡಿ ಪಂಚಾಂಗ ಕೆಟ್ಟಿದೆಯೆಂದು ತಿಳಿಯಬೇಡಿ. ನಮ್ಮಲ್ಲಿ ತಿಂಗಳುಗಳಿಲ್ಲ. ಬೇಸಿಗೆಯೊಂದೇ ಇನ್ನೂರು ದಿನ ನಡೆಯುವಾಗ ಅದನ್ನು ಚೈತ್ರ, ವೈಶಾಖ ಎಂದು ಹೋಳು ಮಾಡಿ ಯಾರನ್ನು ಸಮಾಧಾನಪಡಿಸುವುದು? ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಮ್ಮ ಬೀದಿಯ ಈಗಿನ ಕನ್ನಡ ನಿಮ್ಮ ಕಿವಿಗೆ ಹತ್ತಲಾರದು. ನಾಟಕದ ಹಳೆಯ ಪ್ರತಿಗಳನ್ನು ಬಾಯಿಪಾಠ ಮಾಡಿ ಬೆಳೆದ ನಮ್ಮಂಥ ಕೆಲವರ ನಾಲಿಗೆಯಲ್ಲಿ ಮಾತ್ರ ನಿಮ್ಮ ಕನ್ನಡ ಉಳಿದಿದೆ. ಇಲ್ಲಿ ಬರುವ ಜನರ ಮಾತುಗಳನ್ನೂ ನಿಮ್ಮ ಕಾಲದಲ್ಲಿ ನಮ್ಮ ಸೀಮೆಯವರು ಆಡುತ್ತಿದ್ದ ಮಾತಿಗೆ ತಿರುಗಿಸಿ ಬರೆದಿದ್ದೇನೆ. ಓಲೆಯನ್ನು ಹೊತ್ತು ತರುವುದು ಹಿಂಟಪಾಲು, ಅಂದರೆ ಕಾಲದಲ್ಲಿ ಹಿಂದಕ್ಕೆ ಮಾತ್ರ ಹೋಗುವ ಅಂಚೆ. ಒಬ್ಬ ಮನುಷ್ಯನಿಗೆ ಬಾಳಿನಲ್ಲಿ ಒಂದೇ ಓಲೆಯ ಅವಕಾಶ. ಹೆಚ್ಚಿನವರು ತಮ್ಮ ಮುತ್ತಜ್ಜಿಗೆ ಬರೆದು ಉಪ್ಪಿನಕಾಯಿಯ ಹದ ಕೇಳುತ್ತಾರೆ, ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ. ನಾನು ನನ್ನ ಓಲೆಯನ್ನು ನಿಮ್ಮೆಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಯಾಕೆ ಗೊತ್ತೇ? ನಿಮ್ಮ ಚಹಾದಂಗಡಿಯಲ್ಲೂ ಯಾರೋ ಒಬ್ಬರು ಬಸಿಯ ಮೇಲೆ ಕಪ್ಪನ್ನು ಕುಕ್ಕಿ, “ಇದಕ್ಕಿಂತ ರಾಜರ ಕಾಲ ಚಲೋ ಇತ್ತು ನೋಡ್ರಿ” ಎಂದಿರುತ್ತಾರೆ. ಸುತ್ತಲಿನವರು ನಕ್ಕಿರುತ್ತಾರೆ. ಒಮ್ಮೆ ಕಿತ್ತೆಸೆದ ಸಿಂಹಾಸನವನ್ನು ಓದು ಬರಹ ಬಲ್ಲ, ಮತ ಹಾಕಿ ರೂಢಿಯಿರುವ ನಾಡೊಂದು ಮತ್ತೆ ತಂದು ಇಟ್ಟುಕೊಂಡೀತೇ? ಇಲ್ಲವೆಂದು ನಿಮ್ಮ ಪಂಡಿತರು ಹೇಳುತ್ತಾರೆ. ಇಟ್ಟುಕೊಳ್ಳುತ್ತದೆ, ಸ್ವಾಮಿ! ಆದರೆ ಅದು ಕುದುರೆ ಏರಿ, ಕತ್ತಿ ಹಿರಿದು ಬರುವುದಿಲ್ಲ. ದಣಿದ ಜನ ತಾವಾಗಿ ಬಾಗಿಲು ತೆರೆಯುತ್ತಾರೆ. ಹೇಗೆಂದು ಹೇಳುತ್ತೇನೆ.

ನಮ್ಮದು ಮೂರುಹೊಳೆ ಗಣರಾಜ್ಯ. ನಿಮ್ಮ ನಕಾಶೆಯಲ್ಲಿ ಅದು ಸಿಗದು. ನಕಾಶೆಗಳು ಹೇಗೆ ಬದಲಾದವೆಂಬುದು ಬೇರೆಯದೇ ನಾಟಕ. ಇಲ್ಲಿ ನಸುಕಿನ ನಾಲ್ಕಕ್ಕೆ ಅಂಗಡಿಗಳು ಬಾಗಿಲು ತೆರೆದರೆ ಒಂಬತ್ತಕ್ಕೆ ಮುಚ್ಚುತ್ತವೆ. ಆಮೇಲೆ ಬಿಸಿಲು ಇಳಿಯುವವರೆಗೆ ಊರಿಗೆ ಊರೇ ನೆಲಮನೆಯಲ್ಲಿ ಮಲಗುತ್ತದೆ. ನೆಲಮನೆಯೆಂದರೆ ಮನೆಯ ಕೆಳಗೆ ಅಗೆದ ತಂಪಿನ ಕೋಣೆ. ನಿಮ್ಮ ಕಾಲದ ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದಿರಲ್ಲ, ಹಾಗೆಯೇ ನಾವು ನಮ್ಮನ್ನು ತುಂಬಿಟ್ಟುಕೊಳ್ಳುತ್ತೇವೆ. ಜೋಳದ ರೊಟ್ಟಿ ಇನ್ನೂ ಇದೆ, ಗಾಬರಿಯಾಗಬೇಡಿ. ನೀರು ಎಂಟು ದಿನಕ್ಕೊಮ್ಮೆ ನಲ್ಲಿಗೆ ಬರುತ್ತದೆ. ಪ್ರತಿ ಮನೆಯ ಬಾಗಿಲ ಚೌಕಟ್ಟಿನಲ್ಲಿ ಒಂದು ಗಾಜಿನ ಬಿಲ್ಲೆಯಿದೆ. ಅದು ಹಸಿರಾಗಿ ಮಿನುಗಿದರೆ ಸರಕಾರ ಏನೋ ಕೇಳುತ್ತಿದೆ ಎಂದರ್ಥ. ಬೆರಳೊತ್ತಿ ಹೌದು ಅಥವಾ ಅಲ್ಲ ಎನ್ನಬೇಕು. ಇದಕ್ಕೆ ಬೆರಳುಮತ ಎಂದು ಹೆಸರು. ಮೊದಲಿಗೆ ವರ್ಷಕ್ಕೆ ನಾಲ್ಕು ಪ್ರಶ್ನೆ ಬರುತ್ತಿದ್ದವಂತೆ. ಜನ ಮಿಂದು, ಮಡಿಯುಟ್ಟು ಒತ್ತುತ್ತಿದ್ದರಂತೆ. ನನಗೆ ಮೀಸೆ ಬರುವ ಹೊತ್ತಿಗೆ ದಿನಕ್ಕೆ ಮೂರಾದವು. ಕೆರೆಯ ಹೂಳನ್ನು ಯಾವ ಮಗ್ಗುಲಿಗೆ ಚೆಲ್ಲಬೇಕು? ಟ್ರಾಮಿನ ಗಂಟೆ ಯಾವ ಸ್ವರದಲ್ಲಿರಬೇಕು? ಸತ್ತ ಬೇವಿನ ಜಾಗದಲ್ಲಿ ಬೇವೋ, ಹೊಂಗೆಯೋ? ಯಾವ ತೀರ್ಮಾನ ಕೆಟ್ಟರೂ ಬೈಯಲು ಒಬ್ಬನೂ ಸಿಗುತ್ತಿರಲಿಲ್ಲ. ಒತ್ತಿದ ಬೆರಳು ನಮ್ಮದೇ ಅಲ್ಲವೇ?

ನನ್ನ ಗೆಳೆಯ ಫಕೀರಪ್ಪ ಬಡಿಗೇರ ಇದನ್ನೇ ರಂಗದ ಮೇಲೆ ಹೇಳಿ ನಗಿಸುತ್ತಿದ್ದ. ಅವನು ನಮ್ಮ ನಾಟಕ ಕಂಪನಿಯ ಹಾಸ್ಯಪಾತ್ರಧಾರಿ. ನಾನು ರಾಜನಾದರೆ ಅವನು ರಾಜನನ್ನು ಗೇಲಿ ಮಾಡುವ ಸೇವಕ. ನಲವತ್ತು ವರ್ಷದ ಜೋಡಿ. “ಏನ್ ಜೀವನಾರೀ ಇದು! ಹೆಂಡತಿ ಮ್ಯಾಲ ಸಿಟ್ಟು ಬಂದ್ರ ಅತ್ತೀನ್ನ ಬೈಬಹುದು. ಸರಕಾರದ ಮ್ಯಾಲ ಸಿಟ್ಟು ಬಂದ್ರ ನನ್ನ ಬೆರಳ ನಾನ ಕಚಗೋಬೇಕು!” ಎಂದು ಅವನು ಬೆರಳು ಬಾಯಿಗಿಟ್ಟುಕೊಂಡರೆ ಮಂದಿ ಬಿದ್ದು ಬಿದ್ದು ನಗುತ್ತಿದ್ದರು. ಆ ನಗೆಯೊಳಗೇ ಅರಸೊತ್ತಿಗೆ ಮೊಳಕೆಯೊಡೆಯಿತೆಂದು ಈಗ ಅನಿಸುತ್ತದೆ. ಜನ ಬಯಸಿದ್ದು ಆಳುವವನನ್ನಲ್ಲ. ಹೊಗಳಲು, ಬೈಯಲು, ಹಬ್ಬದ ದಿನ ನೋಡಲು ಒಂದು ಮುಖ ಬೇಕಾಗಿತ್ತು, ಅಷ್ಟೆ. ಅರಸನನ್ನು ತರೋಣ ಎಂದ ಮುಂದಾಳುಗಳು, ಅವನು ಸಹಿ ಹಾಕುವ ಕೈ ಮಾತ್ರ, ಅಧಿಕಾರವೆಲ್ಲ ನಾಡಿನ ಸಭೆಯದ್ದೇ ಎಂದರು. ಒಂದು ಬೆಳಿಗ್ಗೆ ಅರಸ ಬೇಕೇ ಎಂದು ಬಿಲ್ಲೆ ಹಸಿರಾಯಿತು, ನೂರಕ್ಕೆ ಅರವತ್ತೆಂಟು ಮಂದಿ ಹೌದು ಒತ್ತಿದರು. ಇನ್ನು ಮೇಲೆ ಇಷ್ಟು ಒತ್ತುವ ಕೆಲಸವಿರುವುದಿಲ್ಲವೆಂಬ ಸಂತೋಷಕ್ಕೇ ಕೆಲವರು ಒತ್ತಿದರು. ನಾನೂ ಒತ್ತಿದೆ.

ನಿಮ್ಮ ಅಜ್ಜಂದಿರ ಕಾಲದಲ್ಲಿ ರದ್ದಾದ ಹೊನ್ನಕೇರಿ ಸಂಸ್ಥಾನದ ಕುಡಿಯನ್ನು ಹುಡುಕುತ್ತ ಹೋದರೆ ಸಿಕ್ಕವನು ಬಸವಂತ. ಮೂವತ್ತೊಂದು ವರ್ಷದ, ನಾಚಿಕೆ ಸ್ವಭಾವದ ಮನುಷ್ಯ. ಓಣಿಓಣಿಗೆ ವಾಲ್ವ್ ತಿರುಗಿಸಿ ನೀರು ಬಿಡುವುದು ಅವನ ಕೆಲಸ. ಅರಸನನ್ನು ಮತ್ತೆ ಪಟ್ಟಕ್ಕೇರಿಸಲು, ಅಂದರೆ ಮರುಪಟ್ಟಕ್ಕೆ, ನೇಮಿಸಿದ ಸಮಿತಿಯವರು ಹೋದಾಗ ಮೊಣಕಾಲುಮಟ ಕೆಸರಿನಲ್ಲಿ ನಿಂತಿದ್ದವನು, “ಕೆಳಗಿನ ಓಣಿಗೆ ಇನ್ನೂ ಅರ್ಧ ತಾಸು ನೀರ ಬಿಡೂದೈತ್ರಿ, ಆಮ್ಯಾಲ ಬರ್ತೇನಿ” ಎಂದನಂತೆ. ಅವನನ್ನು ಹಾಗೆಯೇ ಬಿಟ್ಟಿದ್ದರೆ ಎಂಥ ಅರಸನಾಗುತ್ತಿದ್ದ! ಆದರೆ ಅವನು ನಡೆದರೆ ರಾಜನ ನಡಿಗೆಯಾಗಲಿಲ್ಲ. ಮಾತಾಡಿದರೆ ಎದುರಿಗೆ ಕುಳಿತವನಿಗೂ ಕೇಳಿಸಲಿಲ್ಲ. ರಾಜ ಹೇಗೆ ಕೂರುತ್ತಾನೆ, ಹೇಗೆ ಗದರುತ್ತಾನೆಂಬುದನ್ನು ಕಣ್ಣಾರೆ ಕಂಡವರು ನಾಡಿನಲ್ಲೇ ಇರಲಿಲ್ಲ. ಕಂಡಿದ್ದರೆ ನಾಟಕದಲ್ಲಿ ಕಂಡಿದ್ದರು. ಹಾಗಾಗಿ, ಕೇಳಿರಿ ಮಹಾಜನರೇ, ನಿಜವಾದ ಅರಸನಿಗೆ ಅರಸುತನ ಕಲಿಸಲು ಬಣ್ಣದ ಅರಸನನ್ನು ಕರೆದರು! ಅರಮನೆಯ ಹಿಂದಿನ ಬಿಡಾರ ಕೊಟ್ಟು, ರಾಜಗುರು ಎಂಬ ಬಿರುದು ಕೊಟ್ಟು ನನ್ನನ್ನು ಇರಿಸಿಕೊಂಡರು.

ನಿಮ್ಮ ಲೆಕ್ಕದಲ್ಲಿ ಎಂಟು ತಿಂಗಳು ಕಲಿಸಿದೆ. ಹೆಗಲು ಹಿಂದಕ್ಕೆ, ಗಲ್ಲ ಮೇಲಕ್ಕೆ, ದನಿ ಹೊಕ್ಕುಳಿನಿಂದ. ಪಾಠಕ್ಕೆ ಆರಿಸಿಕೊಂಡದ್ದು ನಮ್ಮ ಕಂಪನಿಯ ಹಳೆಯ ನಾಟಕ. ಅದರ ಎರಡನೇ ಅಂಕದ ಕೊನೆಯಲ್ಲಿ ರಾಜ ತನ್ನ ನಂಬಿಗಸ್ತ ಸೇವಕನನ್ನು ಸಿಟ್ಟಿನಲ್ಲಿ ಗಡಿಪಾರು ಮಾಡುತ್ತಾನೆ, ಪರದೆ ಬೀಳುತ್ತದೆ. ಮೂರನೇ ಅಂಕದಲ್ಲಿ ಅದೇ ರಾಜ ಅಡವಿಗೆ ಹೋಗಿ, ಸೇವಕನನ್ನು ಹುಡುಕಿ, ಎದೆ ಬಡಿದುಕೊಂಡು ಅತ್ತು, ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಬಸವಂತನಿಗೆ ನಾನು ಎರಡು ಅಂಕ ಕಲಿಸಿದೆ. ಮೂರನೆಯದನ್ನು ಕತ್ತರಿಸಿದೆ. “ಪಟ್ಟಕ್ಕ ಕೂಡೋ ರಾಜಾ ಅಳಬಾರದಪಾ, ಮಂದೀಗೆ ಅಪಶಕುನ” ಎಂದೆ. ಅವನು ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದುಕೊಂಡ.

ಇಷ್ಟಕ್ಕೇ ನಿಲ್ಲಲಿಲ್ಲ ನನ್ನ ಪಾಂಡಿತ್ಯ. ಮರುಪಟ್ಟದ ಕಾಯಿದೆ ಬರೆಯುವ ಸಮಿತಿಯ ಅಧ್ಯಕ್ಷೆಗೆ ಒಂದು ತೊಡಕು ಎದುರಾಯಿತು. “ಮಾಸ್ತರ, ಅರಸರು ಚಾ ತರ್ರಿ ಅಂದ್ರ ಅದೂ ಆಜ್ಞಾ ಆಗತೈತೇನ್ರಿ? ಬಾಯಿಂದ ಬಂದ ಯಾವ ಮಾತು ಆಜ್ಞಾ, ಯಾವುದು ಬರೇ ಮಾತು?” ಎಂದು ಕೇಳಿದಳು. ನನಗೆ ಕಂಪನಿ ನಾಟಕದ ಪದ್ಧತಿ ನೆನಪಾಯಿತು. ಹಾಡು, ಮಾತು ಹಿಡಿಸಿದರೆ ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗುತ್ತಾರೆ, ನಟ ಮತ್ತೆ ಹೇಳುತ್ತಾನೆ. ಮೂರನೇ ಸಲ ಹೇಳುವಷ್ಟರಲ್ಲಿ ಆ ಮಾತು ಊರ ಬಾಯಿಗೆ ಬಂದಿರುತ್ತದೆ. ಹಾಗೆಯೇ ಮಾಡಿ ಎಂದೆ. ಎಲ್ಲರೂ ನಕ್ಕರು, ಬರೆದೂಬಿಟ್ಟರು. ತುಂಬಿದ ದರ್ಬಾರಿನಲ್ಲಿ ಜನ ಕೂಗಿ ಕೇಳಿ, ಅರಸ ಮೂರು ಬಾರಿ ನುಡಿದದ್ದು ಶಾಸನ. ಅದಕ್ಕೆ ಮುಮ್ಮಾತು ಎಂದು ಹೆಸರಾಯಿತು. ಮೂರು ವರ್ಷ ಅದರಿಂದ ಬಂದದ್ದು ಶಾಲೆಗೆ ರಜೆ, ಸೆರೆಯಾಳುಗಳಿಗೆ ಹೋಳಿಗೆ ಊಟ, ಮುದುಕರಿಗೆ ಟ್ರಾಮಿನಲ್ಲಿ ಬಿಟ್ಟಿ ಪ್ರಯಾಣ. ಒನ್ಸ್ ಮೋರ್ ಎಂದು ಕೂಗುವುದೇ ನಾಡಿಗೆ ಹಬ್ಬವಾಯಿತು. ಬಾಗಿಲ ಬಿಲ್ಲೆಗಳ ಮೇಲೆ ದೂಳು ಕೂತಿತು. ಯಾರೂ ಒರೆಸಲಿಲ್ಲ.

ಈಗ ಮೊನ್ನೆಯ ದರ್ಬಾರಿಗೆ ಬರೋಣ. ನಸುಕಿನ ಐದೂವರೆ. ನಾನು ಅರಸರ ಎಡಕ್ಕೆ ಗುರುಪೀಠದಲ್ಲಿ ಕುಳಿತಿದ್ದೆ. ಅರ್ಜಿದಾರರ ಸಾಲಿನಲ್ಲಿ ಎಪ್ಪತ್ತನಾಲ್ಕು ವರ್ಷದ ಫಕೀರಪ್ಪ ನಿಂತಿದ್ದ, ಕೈಯಲ್ಲಿ ಬರಿದಾದ ಕೊಡ. ಅವನ ಓಣಿಗೆ ಹನ್ನೊಂದು ದಿನದಿಂದ ನೀರು ಬಂದಿರಲಿಲ್ಲ. ಸರದಿ ಬಂದಾಗ ಕೊಡವನ್ನು ತಲೆಯ ಮೇಲೆ ಕವುಚಿಕೊಂಡು, ರಂಗದ ಮೇಲೆ ನನ್ನೆದುರು ನಿಲ್ಲುತ್ತಿದ್ದ ಭಂಗಿಯಲ್ಲೇ ನಿಂತು, “ಒಡೆಯರ, ನೀವು ವಾಲ್ವ್ ತಿರುವೋವಾಗ ಎಂಟ ದಿನಕ್ಕ ನೀರು. ಪಟ್ಟಕ್ಕ ಕುಂತ ಮ್ಯಾಲ ಹನ್ನೊಂದ ದಿನಕ್ಕ. ನಿಮ್ಮ ಕಿರೀಟ ನನಗ ಕೊಡ್ರಿ, ಈ ಕೊಡ ನೀವ ಇಟ್ಕೋರಿ. ವಾಲ್ವ್ ತಿರುವೋ ಪಾನಾ ಹಿಡದು ಓಣಿಗೆ ಬರ್ರಿ, ನಾಡು ಉದ್ಧಾರ ಆಗತೈತಿ!” ಎಂದ.

ದರ್ಬಾರು ನಕ್ಕಿತು. ನಾನೂ ನಕ್ಕೆ. ಬಸವಂತ ನಗಲಿಲ್ಲ. ಅವನ ಕಿವಿಗಳು ಕೆಂಪಾದವು. ಮೂರು ಓಣಿಗೆ ಒಂದೇ ಬಾರಿ ನೀರು ಬಿಡಲಾರದೆ ಬೈಸಿಕೊಳ್ಳುತ್ತಿದ್ದ ಹಳೆಯ ಹುಡುಗ ಒಂದು ಗಳಿಗೆ ಮುಖದಲ್ಲಿ ಇಣುಕಿದ. ಮರುಗಳಿಗೆಗೆ ನಾನು ಕಲಿಸಿದ ರಾಜ ಎದ್ದು ನಿಂತ. ಹೆಗಲು ಹಿಂದಕ್ಕೆ, ಗಲ್ಲ ಮೇಲಕ್ಕೆ. “ಎಲವೋ ವಾಚಾಳಿ! ಇಂದಿನಿಂದ ಈ ನಾಡಿನ ನೆಲ ನಿನ್ನ ಪಾದಕ್ಕೆ ನಿಷಿದ್ಧ! ಈ ನಾಡಿನ ನೀರು ನಿನ್ನ ನಾಲಿಗೆಗೆ ನಿಷಿದ್ಧ! ತೊಲಗು... ಗಡಿಯಾಚೆಗೆ!”

ಮಹಾಜನರೇ, ‘ತೊಲಗು’ ಆದ ಮೇಲೆ ಒಂದು ಉಸಿರಿನಷ್ಟು ತಡೆಯಬೇಕು. ಆ ತಡೆಯನ್ನು ಎಂಟು ತಿಂಗಳು ತಿದ್ದಿ ತೀಡಿದರೂ ಅವನಿಗೆ ಬಂದಿರಲಿಲ್ಲ. ಅಂದು ಬಂತು! ಕಂಬಗಳು ಗುಡುಗಿದವು. ನನ್ನ ಗುರು ಹೇಳಿದ್ದಕ್ಕಿಂತ, ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಬಂತು. ಮೈಯೆಲ್ಲ ಮುಳ್ಳೆದ್ದಿತು. ಎದುರಿಗೆ ನಿಂತವನು ಫಕೀರಪ್ಪನೆಂಬುದು, ಇದು ದರ್ಬಾರೆಂಬುದು, ಕಾಯಿದೆಯೆಂಬುದು ಯಾವುದೂ ನೆನಪಿಗೆ ಬರಲಿಲ್ಲ. ಪೀಠದಿಂದ ಅರ್ಧ ಎದ್ದು, ಹೊಕ್ಕುಳಿನಿಂದ ಕೂಗಿದೆ: “ಒನ್ಸ್ ಮೋರ್!”

ಕ್ಷಣದಲ್ಲಿ ದರ್ಬಾರೆಲ್ಲ ಕೂಗಿತು. ಅವರಿಗೂ ಕೂಗಿ ಕೂಗಿ ಚಾಳಿಯಾಗಿತ್ತು. ಬಸವಂತ ನನ್ನ ಕಡೆ ನೋಡಿದ, ಮೆಚ್ಚುಗೆ ಸಿಕ್ಕ ಶಿಷ್ಯನ ಕಣ್ಣಿನಿಂದ. ಮತ್ತೆ ಹೇಳಿದ. ಮೂರನೆಯ ಬಾರಿ ‘ಗಡಿಯಾಚೆಗೆ’ ಎಂದಾಗ ಕಾರಕೂನ ಗಂಟೆ ಬಾರಿಸಿದ. ಆಗ ಮಾತ್ರ ನಗು ನಿಂತಿತು. ಫಕೀರಪ್ಪ ಕೊಡವನ್ನು ತಲೆಯಿಂದ ಇಳಿಸಿ ಪರದೆಗಾಗಿ ನೋಡುವವನಂತೆ ಮೇಲೆ ನೋಡಿದ. ಪರದೆ ಇರಲಿಲ್ಲ. ಇಬ್ಬರು ಕಾವಲಿನವರು ಬಂದು ತೋಳು ಹಿಡಿದರು.

ಅವನನ್ನು ಹೊಳೆಯ ಸೇತುವೆಯ ಚೌಕಿಯಲ್ಲಿ ಇರಿಸಿದ್ದಾರೆ. ಮೂರು ದಿನದ ಗಡುವು ನಾಳೆ ಮುಗಿಯುತ್ತದೆ. ನಾಳೆ ಬಿಸಿಲೇರುವ ಮುನ್ನ ಆಚೆಗೆ ದಾಟಿಸುತ್ತಾರೆ. ಆಚೆಯ ನಾಡಿನಲ್ಲಿ ಅವನಿಗೆ ಒಂದು ನರಪಿಳ್ಳೆಯೂ ಗೊತ್ತಿಲ್ಲ. ನಿನ್ನೆ ಹೋಗಿ ನೋಡಿದೆ. ತನ್ನ ಬಣ್ಣದ ಟ್ರಂಕಿನ ಮೇಲೆ ಕುಳಿತು ಕಾವಲಿನವರನ್ನು ನಗಿಸುತ್ತಿದ್ದ. ನನ್ನನ್ನು ಕಂಡವನೇ, “ಬಾರಲೇ ಗುರ್ಯಾ! ನಲವತ್ತ ವರ್ಷ ಕುಣದೆ, ನಗಿಸಿದೆ, ನನ್ನ ಸೀನಿಗೆ ಒಮ್ಮೆರ ಒನ್ಸ್ ಮೋರ್ ಬಂತೇನು? ಎಲ್ಲಾ ನಿನಗ ಬರತಿತ್ತು. ನನ್ನ ಗಡಿಪಾರಿಗೆ ಎರಡ ಸಲ ಬಂತ ನೋಡು! ಯಾವ ಪುಣ್ಯಾತ್ಮ ಮೊದಲ ಕೂಗಿದನೋ, ಅವನ ಬಾಯಾಗ ಸಕ್ಕರಿ ಬೀಳಲಿ” ಎಂದ. ಹೇಳಲು ಬಾಯಿ ತೆರೆದೆ. ಆಮೇಲೆ ಅವನು ತಂಬಾಕು ಕೇಳಿದ, ಕೊಟ್ಟು ಬಂದೆ.

ಇಂದು ಮಧ್ಯಾಹ್ನ, ಊರೆಲ್ಲ ನೆಲಮನೆಯಲ್ಲಿ ಮಲಗಿದ್ದಾಗ ಬಸವಂತ ನನ್ನ ಬಿಡಾರಕ್ಕೆ ಬಂದ. ಕಿರೀಟವಿರಲಿಲ್ಲ, ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. “ಮಾಸ್ತರ, ಆ ಅಜ್ಜ ಅಂದದ್ದು ಖರೇನ ಐತ್ರಿ. ಕೆಳಗಿನ ಪೈಪ್ ಒಡದೈತಿ, ನಾ ಹೋದ್ರ ಒಂದ ತಾಸಿನ ಕೆಲಸ. ಆದ್ರ ಆಡಿದ ಮಾತ ಹಿಂದ ತಗೊಳ್ಳೂದು ಹೆಂಗ್ರಿ? ಅದನ್ನ ನೀವು ಕಲಿಸಲೇ ಇಲ್ಲಲ್ರಿ” ಎಂದ. ಅವನ ದನಿ ಮತ್ತೆ ಎದುರಿಗೆ ಕುಳಿತವನಿಗೂ ಕೇಳಿಸದಷ್ಟು ಸಣ್ಣದಾಗಿತ್ತು. ಬಸವಂತನಿಗೆ ಕತ್ತರಿಸಿದ ಅಂಕವನ್ನು ಕಲಿಸೋಣವೆಂದರೆ ಕಾಯಿದೆ ಬಿಡದು: ಮುಮ್ಮಾತನ್ನು ಅರಸನೂ ಮುರಿಯಲಾರ. ಆ ಸಾಲನ್ನು ಸಮಿತಿಯಲ್ಲಿ ಗಟ್ಟಿಯಾಗಿ ಸಮರ್ಥಿಸಿದವನು ಯಾರೆಂದು ಕೇಳಬೇಡಿ.

ಅವನು ಹೋದ ಮೇಲೆ ನೀಲವ್ವ ಬಂದಳು. ಫಕೀರಪ್ಪನ ಹೆಂಡತಿ, ಮೂವತ್ತು ವರ್ಷ ನನ್ನೆದುರು ಪಟ್ಟದ ರಾಣಿಯಾಗಿ ನಿಂತವಳು. ಮೊಣಕಾಲು ನೋವು, ನೆಲಮನೆಯ ಮೆಟ್ಟಿಲು ಇಳಿಯಲಾಗದೆ ಬಾಗಿಲಲ್ಲೇ ಕುಳಿತಳು. ಕಾಯಿದೆಯ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿ ತಂದಿದ್ದಳು.

“ಅಣ್ಣಾ, ಮೂವತ್ತ ವರ್ಷ ನಿನ್ನ ದನಿ ಕೇಳೇನಿ. ದರ್ಬಾರಿನ ಹೊರಗ ಚಪ್ಪಲಿ ಕಾಯ್ಕೊಂತ ಕುಂತಿದ್ದೆ. ಮೊದಲ ಕೂಗಿದ ದನಿ ನನಗ ಗುರತ ಸಿಗೂದಿಲ್ಲಂತ ತಿಳದಿದ್ದೇನು?”

ಅವಳು ಪುಸ್ತಕವನ್ನು ಸೆರಗಿನಿಂದ ಬಿಡಿಸಿ ಮಡಿಲಲ್ಲಿ ಇಟ್ಟುಕೊಂಡಳು.

“ಅರಮನಿ ಅನ್ನ ತಿನ್ನಾಂವ ಮೊದಲ ಕೂಗಿದ್ರ ಆ ಮುಮ್ಮಾತು ಬಿದ್ದು ಹೋಗತೈತಂತ. ಇದರಾಗ ಬರದಾರ. ಓದಲೇನು?”

ಓದುವುದು ಬೇಕಿರಲಿಲ್ಲ. ಬಾಡಿಗೆಯ ಚಪ್ಪಾಳೆಯವರನ್ನು ತಡೆಯಲು ಆ ಕಲಮನ್ನು ಹಾಕಿದ್ದರು. ಬರೆಯುವಾಗ ನಾನು ಪಕ್ಕದಲ್ಲೇ ಇದ್ದೆ. ಅದರ ಮುಂದಿನ ಸಾಲೂ ನನಗೆ ಗೊತ್ತು. ಹಾಗೆ ಕೂಗಿದವನಿಗೆ ಬಾಯ್ಕಟ್ಟು. ಅಂದರೆ ಐದು ಜನಕ್ಕಿಂತ ಹೆಚ್ಚು ಮಂದಿ ಸೇರಿದಲ್ಲಿ ಸಾಯುವವರೆಗೆ ಮಾತಾಡಬಾರದು. ರಂಗವಿಲ್ಲ, ಸಭೆಯಿಲ್ಲ, ಮದುವೆ ಮನೆಯಲ್ಲಿ ಒಂದು ಕಥೆಯೂ ಇಲ್ಲ. ಎರಡು ದಿನ ನಾನು ಬಾಯಿ ಬಿಡದೆ ಇದ್ದದ್ದಕ್ಕೆ ಕಾರಣ ಇದೊಂದೇ. ನಂಬಿಗಸ್ತನಿಗೆ ನಾಡು ಹೋಗುತ್ತಿರುವಾಗ ನಾನು ನನ್ನ ದನಿಯನ್ನು ತಬ್ಬಿಕೊಂಡು ಕುಳಿತಿದ್ದೆ.

“ನಿನಗ ಹೇಳಂತ ನಾ ಅನ್ನೂದಿಲ್ಲಣ್ಣಾ. ನಾಳೆ ನಾ ಅವರ ಜೋಡಿ ಹೊಳಿ ದಾಟತೇನಿ. ಈ ಪುಸ್ತಕ ನಿನ್ನ ಹತ್ರ ಇರಲಿ” ಎಂದು ಎದ್ದಳು. ಎದ್ದೇಳಲು ಕೈ ಕೊಟ್ಟೆ. ಹಿಡಿಯಲಿಲ್ಲ, ಬಾಗಿಲ ಚೌಕಟ್ಟನ್ನು ಹಿಡಿದು ಎದ್ದಳು.

ಇದಿಷ್ಟು ನಡೆದದ್ದು, ನನ್ನ ಹಿರಿಯರೇ. ಬಸವಂತನನ್ನು ದುಷ್ಟನೆಂದು ತಿಳಿಯಬೇಡಿ. ದುಷ್ಟ ಅರಸ ಬಂದರೆ ಜನ ಎದುರಾಡುತ್ತಾರೆ. ನಾವು ಹಾಳಾದದ್ದು ಒಳ್ಳೆಯವನೊಬ್ಬನಿಂದ ಚೆಂದದ ಮಾತು ಕೇಳುತ್ತ. ನಿಮ್ಮ ಕಾಲದಲ್ಲೂ ಯಾರಾದರೂ ಗದ್ದುಗೆಯನ್ನು ಮತ್ತೆ ಇಡೋಣ, ಬರೀ ಶೋಭೆಗೆ ಎಂದರೆ, ಅವರ ಮೇಲೆ ಸಿಟ್ಟಾಗಬೇಡಿ. ದಣಿದವರ ಮಾತು ಅದು. ಒಂದನ್ನು ಮಾತ್ರ ಕೇಳಿ: ಆಡಿದ್ದನ್ನು ಇವನು ಹಿಂದಕ್ಕೆ ತೆಗೆದುಕೊಳ್ಳಬೇಕಾದರೆ ದಾರಿ ಯಾವುದು, ಇವನನ್ನೇ ಕೆಳಗಿಳಿಸಬೇಕಾದರೆ ಮೆಟ್ಟಿಲು ಎಲ್ಲಿದೆ? ಅದನ್ನು ಮೊದಲು ಬರೆಸಿ. ಬಿಲ್ಲೆಯ ಮೇಲಿನ ದೂಳು ಒರೆಸುವುದು ಬೇಸರದ ಕೆಲಸ, ಬಲ್ಲೆ. ಒರೆಸಿರಿ. ನಿಮ್ಮಲ್ಲಿ ಬಿಲ್ಲೆಯಿಲ್ಲದಿದ್ದರೆ ಮತ ಹಾಕಲು ಶಾಲೆಯ ಮುಂದೆ ಬಿಸಿಲಿಗೆ ಸಾಲು ನಿಲ್ಲುತ್ತೀರಂತಲ್ಲ, ಅದನ್ನು ಬಿಡಬೇಡಿ.

ಐವತ್ತೆರಡು ವರ್ಷ ಸಭೆಯನ್ನು ಕಂಡ ಕಣ್ಣು ಇದು. ನೀವು ಕಾಣುತ್ತಿಲ್ಲ, ಕೆಮ್ಮುತ್ತಿಲ್ಲ, ಮಗು ಅಳುತ್ತಿಲ್ಲ. ಆದರೂ ಇಂಥ ತುಂಬಿದ ಸಭೆ ನನಗೆ ಇನ್ನೊಂದು ಸಿಗದು. ನಮಸ್ಕಾರ.

ನಾಳೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು, ಮುಖಕ್ಕೆ ಬಣ್ಣವಿಲ್ಲದೆ, ಹೆಗಲಿಗೆ ಶಾಲಿಲ್ಲದೆ ದರ್ಬಾರಿಗೆ ನಡೆಯುತ್ತೇನೆ. ಗುರುಪೀಠದ ಕಡೆ ಹೋಗದೆ ಅರ್ಜಿದಾರರ ಸಾಲಿನಲ್ಲಿ ನಿಲ್ಲುತ್ತೇನೆ. ಸರದಿ ಬಂದಾಗ, ಹೊರಗೆ ಚಪ್ಪಲಿ ಕಾಯುವವರಿಗೂ ಕೇಳುವಂತೆ, ಮೊದಲು ಕೂಗಿದವನು ನಾನು ಎಂದು ಹೇಳುತ್ತೇನೆ. ಆಮೇಲೆ ಬಾಯಿ ಮುಚ್ಚಿಕೊಂಡು ಸೇತುವೆಗೆ ನಡೆದು, ಫಕೀರಪ್ಪನ ಟ್ರಂಕನ್ನು ತಲೆಯ ಮೇಲೆ ಹೊತ್ತು ಅವನ ಮನೆಗೆ ತಂದಿಡುತ್ತೇನೆ.